ಅಜ್ಜಿಯನ್ನು ‘ತಾಯಿ’ ಎಂದು ಕರೆಯುವ ಮನೆಯ ಕಥೆಯನ್ನು ಕನ್ನಡದಲ್ಲಿ ಬರೆಯುವುದು ಹೇಗೆ?

ಪ್ರಶ್ನೆ: ಕಕ್ಕಬ್ಬೆಯವಳು

ಕೊಡಗಿನ ನಮ್ಮ ಒಕ್ಕದ, ಅಂದರೆ ಮನೆತನದ, ಹಿರಿಯರಿಂದ ಕೇಳಿದ ಸಂಗತಿಗಳನ್ನು ಎರಡು ವರ್ಷಗಳಿಂದ ಕನ್ನಡದಲ್ಲಿ ಕಥೆಗಳಾಗಿ ಬರೆಯುತ್ತಿದ್ದೇನೆ. ಈಗ ಎರಡು ಕಡೆ ಸಿಕ್ಕಿಕೊಂಡಿದ್ದೇನೆ.

ಮೊದಲನೆಯದು ಒಂದು ಪದದ ತೊಡಕು. ನಮ್ಮ ಮನೆಮಾತಾದ ಕೊಡವ ತಕ್ಕಿನಲ್ಲಿ ನಾವು ಹೆತ್ತವಳನ್ನು ‘ಅವ್ವ’ ಎಂದೂ ಅಜ್ಜಿಯನ್ನು ‘ತಾಯಿ’ ಎಂದೂ ಕರೆಯುತ್ತೇವೆ. ‘ತಾಯಿ ಒಲೆಯ ಮುಂದೆ ಕುಳಿತು ಹೇಳಿದಳು’ ಎಂದು ಬರೆದರೆ ಮೈಸೂರಿನ ಓದುಗರ ಕಣ್ಣಿಗೆ ಅಮ್ಮ ಬರುತ್ತಾಳೆ. ‘ಅಜ್ಜಿ’ ಎಂದು ಬರೆದರೆ ನನಗೇ ಆ ಮುಖ ಕಾಣಿಸುವುದಿಲ್ಲ. ಅಡಿಟಿಪ್ಪಣಿ ಹಾಕಿ ನೋಡಿದೆ, ಕಥೆ ಕಂದಾಯ ಇಲಾಖೆಯ ವರದಿಯಂತಾಯಿತು.

ಎರಡನೆಯದು ಇದಕ್ಕಿಂತ ಕಠಿಣ. ಒಕ್ಕದ ಮೂಲಮನೆಯಾದ ಐನ್‌ಮನೆಯ ಕೈಯಾಲೆಯಲ್ಲಿ (ಜಗಲಿಯಲ್ಲಿ), ಐಮರವೆಂಬ ಹಲಗೆಯ ಮೇಲೆ ಕುಳಿತು ಹಿರಿಯ ಗಂಡಸರು ಹೇಳುವ ಒಕ್ಕದ ಚರಿತ್ರೆ ಒಂದು. ಅದರ ತುಂಬ ಬೇಟೆ, ವಂಶಪಾರಂಪರ್ಯದ ಜಮ್ಮಾ ಭೂಮಿ, ಅರಸರ ಕಾಲದ ಮಾತು. ಅಡುಗೆಮನೆಯಲ್ಲಿ ತಾಯಿ ಹೇಳಿದ ಚರಿತ್ರೆ ಇನ್ನೊಂದು. ಮದುವೆಯಾದ ವರ್ಷದೊಳಗೇ ತವರಿಗೆ ಮರಳಿ, ಉಳಿದ ನಲವತ್ತು ವರ್ಷಗಳನ್ನು ಅದೇ ಮನೆಯ ಹಿಂಬದಿಯಲ್ಲಿ ಭತ್ತ ಕುಟ್ಟುತ್ತ ಕಳೆದ, ಅಜ್ಜನ ತಂಗಿಯೊಬ್ಬಳು ಅದರಲ್ಲಿದ್ದಾಳೆ. ಒಕ್ಕದ ಪೂರ್ವಜರಾದ ಕಾರಣರಿಗೆ ಎಡೆಯಿಡುವ ದಿನ ಅವರ ಗುಡಿಯಾದ ಕೈಮಡದ ಬಳಿ ಅವಳ ಹೆಸರನ್ನು ಯಾರೂ ಎತ್ತಿದ್ದನ್ನು ನಾನು ಕೇಳಿಲ್ಲ. ಈ ಕಥೆ ಬರೆದಿದ್ದೇನೆಂದು ತಿಳಿದಾಗ, ಒಕ್ಕದ ಪಟ್ಟೆದಾರರಾದ (ಯಜಮಾನರಾದ) ನನ್ನ ದೊಡ್ಡಪ್ಪ ‘ಮನೆಯ ಮಾತು ಮನೆಯೊಳಗಿರಲಿ, ಮಗಳೇ’ ಎಂದರು. ಗದರಲಿಲ್ಲ, ಗದರಿದ್ದರೆ ನನಗೆ ಸುಲಭವಾಗುತ್ತಿತ್ತು. ಮನೆತನದ ಹೆಸರನ್ನು ಬದಲಿಸಿದರೂ ಅದು ಯಾರ ಮನೆಯೆಂದು ಪತ್ತೆ ಹಚ್ಚಲು ನಮ್ಮ ನಾಡಿನವರಿಗೆ ಅರ್ಧ ದಿನವೂ ಬೇಕಾಗುವುದಿಲ್ಲ. ನೀವಾದರೆ ಏನು ಮಾಡುತ್ತಿದ್ದಿರಿ?

ಉತ್ತರ: ವಿರಾಜಪೇಟೆಯ ಹಳೆಯ ಮೇಷ್ಟ್ರು

ಪದದ ವಿಷಯ ಮೊದಲು ಮುಗಿಸೋಣ. ನಡಿಕೇರಿಯಂಡ ಚಿಣ್ಣಪ್ಪನವರು ಪೊಲೀಸ್ ಇಲಾಖೆಯಲ್ಲಿದ್ದುಕೊಂಡೇ ಊರೂರು ಸುತ್ತಿ ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದ ಕೊಡವ ಜನಪದ ಗ್ರಂಥ ‘ಪಟ್ಟೋಲೆ ಪಳಮೆ’ಯನ್ನು ಒಮ್ಮೆ ಈ ಕಣ್ಣಿನಿಂದ ನೋಡಿರಿ. ಹಾಡುಗಳನ್ನು ಅವರು ಕೊಡವ ತಕ್ಕಿನಲ್ಲೇ ಇಟ್ಟರು, ವಿವರಣೆಯನ್ನು ಕನ್ನಡದಲ್ಲಿ ಬರೆದರು, ಎರಡಕ್ಕೂ ಕನ್ನಡ ಲಿಪಿಯನ್ನೇ ಬಳಸಿದರು. ನಮ್ಮ ಮಾತಿನ ಕೆಲವು ಸ್ವರಗಳಿಗೆ ಆ ಲಿಪಿಯಲ್ಲಿ ಅಕ್ಷರವೇ ಇಲ್ಲವೆಂಬುದು ಅವರಿಗೆ ತಿಳಿಯದ್ದೇನಲ್ಲ; ಆದರೂ ಹಾಡನ್ನು ಕನ್ನಡಕ್ಕೆ ತಿರುಗಿಸಿ ಹಗುರ ಮಾಡಲಿಲ್ಲ. ನಿಮ್ಮ ಕಥೆಯಲ್ಲಿಯೂ ‘ಅಪ್ಪನ ಅವ್ವ ನನಗೆ ತಾಯಿ’ ಎಂಬ ಮಾತು ಯಾವುದಾದರೊಂದು ಮಗುವಿನ ಬಾಯಲ್ಲಿ ಮೊದಲ ಪುಟದಲ್ಲೇ ಬಂದುಬಿಟ್ಟರೆ, ಮುಂದೆ ಓದುಗರು ತಾವಾಗಿಯೇ ನಿಮ್ಮ ಮನೆಯ ಲೆಕ್ಕಕ್ಕೆ ಹೊಂದಿಕೊಳ್ಳುತ್ತಾರೆ. ಟಿಪ್ಪಣಿ ಬೇಡ.

ದೊಡ್ಡಪ್ಪನವರ ವಿಷಯದಲ್ಲಿ ನನಗೆ ಅವರ ಮೇಲೂ ಸ್ವಲ್ಪ ಕನಿಕರವಿದೆ. ಒಕ್ಕದ ಮಾನ ಕಾಯುವುದು ಪಟ್ಟೆದಾರರ ಕೆಲಸ. ಆದರೆ ಕಥೆ ಹೇಳಿದ ನಿಮ್ಮ ತಾಯಿಯೂ ಅದೇ ಒಕ್ಕದವರಲ್ಲವೇ? ಮೊಮ್ಮಗಳಿಗೆ ಹೇಳಿದ್ದು ಅದು ಉಳಿಯಲಿ ಎಂದೇ ಇರಬೇಕು. ಚಿಣ್ಣಪ್ಪನವರ ಗ್ರಂಥವನ್ನು 2003ರಲ್ಲಿ ಇಂಗ್ಲಿಷಿಗೆ ತಂದವರೂ ಅವರ ಮೊಮ್ಮಕ್ಕಳೇ, ಬೋವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿಗಳು.

ಉತ್ತರ: ಭಾಗಮಂಡಲದ ಕಡೆಯವನು

ಮೇಷ್ಟ್ರ ಮಾತಿಗೆ ನನ್ನ ವಿರೋಧವಿಲ್ಲ, ಒಂದು ಸೇರ್ಪಡೆಯಿದೆ. ಕೊಡಗಿನ ಕಥೆ ಎಂದೊಡನೆ ಐನ್‌ಮನೆ, ಪೀಚೆಕತ್ತಿ, ಕಾಫಿ ತೋಟ ಎಂದು ಮುಗಿಸಿಬಿಡುವ ಅಭ್ಯಾಸ ಹೊರಗಿನವರಿಗಷ್ಟೇ ಅಲ್ಲ, ನಮಗೂ ಅಂಟಿದೆ. ನಮ್ಮ ಮನೆಯ ಮಾತು ಕೊಡಗಿನ ಗೌಡರಾಡುವ ಅರೆಭಾಷೆ. ಬ್ರಿಟಿಷರ ವಿರುದ್ಧದ 1837ರ ಬಂಡಾಯವನ್ನು ನಾವು ಅಮರಸುಳ್ಯದ ದಂಗೆಯೆಂದು, ಮಡಿಕೇರಿಯಲ್ಲಿ ಗಲ್ಲಿಗೇರಿದ ಗುಡ್ಡೆಮನೆ ಅಪ್ಪಯ್ಯ ಗೌಡರ ಹೆಸರಿನೊಂದಿಗೆ ನೆನೆಯುತ್ತೇವೆ. ಅದನ್ನೇ ಘಟ್ಟದ ಕೆಳಗೆ ‘ಕಲ್ಯಾಣಪ್ಪನ ಕಾಟಕಾಯಿ’ ಎಂದು, ಪುಂಡರ ಹಾವಳಿಯ ಧಾಟಿಯಲ್ಲಿ ಹೇಳಿಕೊಂಡು ಬಂದವರಿದ್ದಾರೆ. ಹೆಸರಿಡುವವರು ಬದಲಾದರೆ ಚರಿತ್ರೆ ಇಷ್ಟು ಬದಲಾಗುತ್ತದೆ. ನಿಮ್ಮ ಅಜ್ಜನ ತಂಗಿಗೆ ಕಥೆಯಲ್ಲಿ ಒಂದು ಹೆಸರನ್ನಾದರೂ ಕೊಟ್ಟಿದ್ದೀರಾ? ಪ್ರಶ್ನೆಯಲ್ಲಿ ಕೊಟ್ಟಿಲ್ಲ.

ಇನ್ನು ನಾಡಿನ ಹೆಸರನ್ನೇ ತಮ್ಮ ಹೆಸರಿಗೆ ಕಟ್ಟಿಕೊಂಡು ಪ್ರಸಿದ್ಧರಾದ ಕೊಡಗಿನ ಗೌರಮ್ಮನವರು (1912–1939) ಕೊಡವರಾಗಿರಲಿಲ್ಲ, ಬರೆದದ್ದು ಕನ್ನಡದಲ್ಲಿ. ಅವರೂ ಮೊದಮೊದಲು ಪತಿಯ ಹೆಸರಿನ ಮರೆಯಲ್ಲಿ, ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಎಂದು ಬರೆದವರು. ಇಪ್ಪತ್ತೇಳನೆಯ ವಯಸ್ಸಿನಲ್ಲಿ ನೀರುಪಾಲಾಗದಿದ್ದರೆ ಇನ್ನೆಷ್ಟು ಅಡುಗೆಮನೆಗಳ ಮಾತು ನಮಗೆ ಸಿಗುತ್ತಿತ್ತೋ.

ಉತ್ತರ: ಸಿದ್ದಾಪುರದ ಓದುಗಿ

ನಾನು ತೋಟದ ಕೆಲಸದವರ ಲೈನ್‌ಮನೆಯಲ್ಲಿ ಹುಟ್ಟಿ ಬೆಳೆದವಳು. ನಿಮ್ಮ ಚರ್ಚೆಯನ್ನು ಓದುವಾಗ ನನಗೆ ಹೊಳೆದದ್ದು ಇಷ್ಟೇ: ಹೆಸರು ಬದಲಿಸಬೇಕೋ ಬೇಡವೋ ಎಂದು ಚಿಂತಿಸಲು ಮೊದಲು ಮನೆಗೊಂದು ಹೆಸರಿರಬೇಕು. ನಮ್ಮದು ಸಾಲಿನಲ್ಲಿ ಆರನೆಯ ಬಾಗಿಲು. ನಮ್ಮ ಕಥೆಗಳಿಗೆ ಐಮರವೂ ಇರಲಿಲ್ಲ, ತಡೆಯುವ ಪಟ್ಟೆದಾರರೂ ಇರಲಿಲ್ಲ. ಕಾಫಿ ಕೊಯ್ಲಿನ ಸಮಯದಲ್ಲಿ ಗಿಡದಿಂದ ಗಿಡಕ್ಕೆ ಅವು ಸಾಗುತ್ತಿದ್ದವು, ಕೊಯ್ಲು ಮುಗಿದು ಜನ ಬೇರೆ ತೋಟಕ್ಕೆ ಹೋದರೆ ಅವರೊಂದಿಗೆ ಕಥೆಯೂ ಹೋಗುತ್ತಿತ್ತು. ನಿಮ್ಮ ಅಜ್ಜನ ತಂಗಿ ನಲವತ್ತು ವರ್ಷ ಭತ್ತ ಕುಟ್ಟಿದರೆಂದು ಬರೆದಿದ್ದೀರಿ. ಒಬ್ಬರೇ ಕುಟ್ಟುತ್ತಿದ್ದರೇ? ಒರಳಿನ ಎದುರು ಬದಿಯಲ್ಲಿ ಒನಕೆ ಹಿಡಿದು ನಿಂತಿದ್ದವರು ಯಾರೆಂದು ನಿಮ್ಮ ತಾಯಿ ಹೇಳಿದ್ದರೇ? ಯರವ ಬುಡಕಟ್ಟಿನ ಹೆಂಗಸೊಬ್ಬಳು ಅಲ್ಲಿದ್ದಿರಬಹುದೆಂದು ನನ್ನ ಊಹೆ. ಇದ್ದರೆ ಅವಳನ್ನೂ ಬಿಡಬೇಡಿ.

ಮತ್ತೆ: ಕಕ್ಕಬ್ಬೆಯವಳು

ಸಿದ್ದಾಪುರದ ಅಕ್ಕನ ಪ್ರಶ್ನೆಯನ್ನು ನಿನ್ನೆ ರಾತ್ರಿ ಫೋನಿನಲ್ಲಿ ಅವ್ವನನ್ನು ಕೇಳಿದೆ. ಎದುರು ಬದಿಯಲ್ಲಿ ಒಬ್ಬಳಿದ್ದಳಂತೆ. ಹೆಸರು ಅವ್ವನಿಗೆ ನೆನಪಿಲ್ಲ, ಆದರೆ ದೊಡ್ಡಪ್ಪನಿಗೆ ಖಂಡಿತ ಗೊತ್ತಿರುತ್ತದೆ, ಚಿಕ್ಕಂದಿನಲ್ಲಿ ಅವರನ್ನು ಬೆನ್ನಿಗೆ ಕಟ್ಟಿಕೊಂಡು ಗದ್ದೆಗೆ ಹೋಗುತ್ತಿದ್ದವಳು ಅವಳೇ ಎಂದರು. ಸುಗ್ಗಿ ಹಬ್ಬವಾದ ಪುತ್ತರಿಗೆ ಎಲ್ಲರೂ ಐನ್‌ಮನೆಯಲ್ಲಿ ಸೇರುತ್ತೇವೆ. ಕದಿರು ತೆಗೆದು ಊಟವಾದ ಮೇಲೆ ದೊಡ್ಡಪ್ಪನ ಬಳಿ ಕುಳಿತು ಆ ಹೆಸರನ್ನು ಕೇಳುತ್ತೇನೆ. ಕಥೆಯನ್ನು ಓದಿ ಹೇಳುವುದು ಅದಾದ ನಂತರ.