ಬೋಟಿನವರಿಗೆ ಸಿಪಿಆರ್ ತರಬೇತಿ: ಏನು ಕಲಿಸಬೇಕು?

ಬೈತಖೋಲ್_ತಾಂಡೇಲ
ಕಾರವಾರ ಬಂದರಿನಲ್ಲಿ ಖಲಾಸಿಗಳಿಗೆ ಸಿಪಿಆರ್ (ಹೃದಯ ನಿಂತವರ ಎದೆ ಒತ್ತಿ ಉಸಿರು ಊದುವುದು) ಕಲಿಸಲು ಅರ್ಧ ದಿನದ ತರಬೇತಿ ಇಡುವ ವಿಚಾರವಿದೆ. ಓದುಬರಹ ಅಷ್ಟಕ್ಕಷ್ಟೆ. ಏನು ಕಲಿಸಿದರೆ ಉಪಯೋಗ? ಬಂದರಿಗೆ ಎಇಡಿ, ಅಂದರೆ ಲಯ ತಪ್ಪಿದ ಹೃದಯಕ್ಕೆ ಶಾಕ್ ಕೊಡುವ ಯಂತ್ರ, ಕೊಂಡರೆ ದಂಡವೋ?

ವಾರ್ಡ್_ಸಿಸ್ಟರ್
ಸ್ಲೈಡು ಬಿಡಿ, ಗೊಂಬೆ ತರಿಸಿ. ಭುಜ ತಟ್ಟಿ ಕೂಗಿದರೂ ಎಚ್ಚರವಿಲ್ಲ, ಉಸಿರು ಸರಿಯಿಲ್ಲ ಎಂದರೆ ಎದೆ ಒತ್ತಲು ಶುರುಮಾಡಬೇಕು. ಜನ ಮೋಸಹೋಗುವುದು ಇಲ್ಲೇ: ಹೃದಯ ನಿಂತ ಮೇಲೂ ಕೆಲವರು ಬಾಯಿ ತೆರೆದು ಗೊರಗೊರ ಎನ್ನುತ್ತಾರೆ. ಅದು ಉಸಿರಾಟವಲ್ಲ. ನಾಡಿ ಹುಡುಕುವುದನ್ನು ಕಲಿಸಲೇಬೇಡಿ, ಹೊತ್ತು ಹಾಳು.

ಎದೆಮೂಳೆಯ ಕೆಳಗಿನ ಅರ್ಧದ ಮೇಲೆ ಅಂಗೈ, 5ರಿಂದ 6 ಸೆಂ.ಮೀ. ಆಳ, ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಬೇಕು, ಇಲ್ಲದಿದ್ದರೆ ಹೃದಯಕ್ಕೆ ರಕ್ತ ತುಂಬುವುದಿಲ್ಲ. ಬಲೆರಾಶಿಯ ಮೇಲೆ ಮಲಗಿಸಿ ಒತ್ತಿದರೆ ತಗ್ಗುವುದು ಬಲೆ, ಎದೆಯಲ್ಲ, ಹಲಗೆಗೆ ಇಳಿಸಿ. ದಣಿದಿಲ್ಲವೆಂದರೂ 2 ನಿಮಿಷಕ್ಕೆ ಆಳು ಬದಲಾಗಲಿ. ಪಕ್ಕೆಲುಬು ಲಟಕ್ ಎಂದಿತೆಂದು ನಿಲ್ಲಿಸಬೇಡಿ.

ಅಳಿವೆ_ಬಾಗಿಲು
ಮುಳುಗಿದವರ ಕಥೆ ಬೇರೆ ಮಾರಾಯ್ರೇ. ಅಲ್ಲಿ ಮೊದಲು ಉಸಿರು ಕಟ್ಟುತ್ತದೆ, ಆಮೇಲೆ ಹೃದಯ ನಿಲ್ಲುತ್ತದೆ. ಬರೀ ಎದೆ ಒತ್ತಿದರೆ ಸಾಲದು. ಮೊದಲು ಬಾಯಿಗೆ ಬಾಯಿಟ್ಟು ಗಾಳಿ ಊದಿ, ನಂತರ 30 ಒತ್ತು, 2 ಉಸಿರು. ಹೊಟ್ಟೆ ಅಮುಕಿ ನೀರು ತೆಗೆಯುವ ಚಾಳಿ ಮಾತ್ರ ಬಿಡಿಸಿ. ಹೊಟ್ಟೆಯಲ್ಲಿದ್ದದ್ದು ಶ್ವಾಸನಾಳಕ್ಕೆ ಇಳಿಯುತ್ತದೆ.

ಉಪಕರಣ_ರಿಪೇರಿ
ಎಇಡಿ ದಂಡವಲ್ಲ, ಬೀಗ ಹಾಕಿದ ಆಫೀಸಿನಲ್ಲಿಟ್ಟರೆ ದಂಡ. ಪ್ಯಾಡು, ಬ್ಯಾಟರಿ ಎರಡಕ್ಕೂ ಅವಧಿ ಇದೆ. ದೀಪ ಹಸಿರಿದೆಯೇ ಎಂದು ನೋಡಲು ಒಬ್ಬರನ್ನು ಗೊತ್ತುಮಾಡಿ. ಜೊತೆಗೆ ಕತ್ತರಿ, ರೇಜರ್, ಒಣ ಟವೆಲ್ ಇರಲಿ. ಎದೆ ಒದ್ದೆಯಿದ್ದರೆ ಪ್ಯಾಡು ಹಿಡಿಯುವುದಿಲ್ಲ, ಕರೆಂಟು ಚರ್ಮದ ಮೇಲೇ ಹರಿಯುತ್ತದೆ. ಒಂದು ಪ್ಯಾಡು ಬಲಗಡೆ ಕೊರಳೆಲುಬಿನ ಕೆಳಗೆ, ಇನ್ನೊಂದು ಎಡ ಕಂಕುಳ ಕೆಳಗೆ ಪಕ್ಕೆಯ ಮೇಲೆ. ಶಾಕ್ ಆದ ತಕ್ಷಣ ಮತ್ತೆ ಒತ್ತಲು ಶುರು. ಯಂತ್ರ ಯಾವ ಭಾಷೆಯಲ್ಲಿ ಹೇಳುತ್ತದೆಂದು ಕೊಳ್ಳುವ ಮೊದಲೇ ಕೇಳಿ.

ಬೈತಖೋಲ್_ತಾಂಡೇಲ
ಎಚ್ಚರವಿದ್ದು ಬರೀ ಎದೆನೋವು ಅಂದರೆ?

ವಾರ್ಡ್_ಸಿಸ್ಟರ್
ಅದಕ್ಕೆ ಸಿಪಿಆರ್ ಇಲ್ಲ. ಕೂರಿಸಿ, ನಡೆಸಬೇಡಿ, 108ಕ್ಕೆ ಫೋನ್ ಮಾಡಿ. ಆಸ್ಪಿರಿನ್ ಅಲರ್ಜಿ, ರಕ್ತಸ್ರಾವ ಇಲ್ಲದಿದ್ದರೆ 300 ಮಿ.ಗ್ರಾಂ. ಜಗಿಸಿ. ನಾಲಿಗೆ ಕೆಳಗಿಡುವ ಸಾರ್ಬಿಟ್ರೇಟ್ ಮಾತ್ರೆ ಕೈಗೆ ಸಿಕ್ಕಿತೆಂದು ಕೊಡಬೇಡಿ, ಬಿಪಿ ಇಳಿದಿದ್ದರೆ ಇನ್ನೂ ಕುಸಿಯುತ್ತದೆ. ಗೋವಾಕ್ಕೋ ಮಣಿಪಾಲಕ್ಕೋ ಎಂದು ಕಾರು ಹತ್ತಿಸುವ ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಇಸಿಜಿ ಆಗಲಿ. ರಾಜ್ಯ ಸರ್ಕಾರದ ಹೃದಯ ಜ್ಯೋತಿ ಯೋಜನೆಯಲ್ಲಿ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತ. ಇಸಿಜಿ ನೋಡಿ ಡಾಕ್ಟರು ಬೇಕೆಂದರೆ ಅದನ್ನು ಕೊಡಿಸಿಕೊಂಡು ಮುಂದೆ ಹೋಗುವುದೇ ಲಾಭ.

ಅಳಿವೆ_ಬಾಗಿಲು
ಕಡಲಲ್ಲಿದ್ದರೆ ಬೋಟಿನ ವಿಎಚ್‌ಎಫ್ ರೇಡಿಯೊದ 16ನೇ ಚಾನೆಲ್‌ನಲ್ಲಿ ಕರೆಯಿರಿ, ಇಲ್ಲವೇ ಕೋಸ್ಟ್ ಗಾರ್ಡ್ ಫೋನ್ 1554. ಎರಡನ್ನೂ ವೀಲ್‌ಹೌಸಿನ (ಚುಕ್ಕಾಣಿ ಕೋಣೆಯ) ಗೋಡೆಗೆ ಬಣ್ಣದಲ್ಲೇ ಬರೆಸಿ, ಸ್ಟಿಕ್ಕರ್ ನಿಲ್ಲುವುದಿಲ್ಲ.