ಮಳೆ ಮಾಪಕ ಎಲ್ಲಿಡಬೇಕು? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಮ್ಮದು ವಿಜಯಪುರ ಜಿಲ್ಲೆಯ ಇಂಡಿ ಕಡೆ, ನಿಂಬೆ ತೋಟ ಇದೆ. ಇಲ್ಲಿನ ಮಳೆ ಗೊತ್ತಲ್ವಾ, ಒಂದು ಹೊಲ ತೋಯಿಸಿ ಬದುವಿನ ಆಚೆ ಒಣಗಿಸುತ್ತದೆ. ಊರಿನ ಲೆಕ್ಕ ನಂಬಿ ತೋಟಕ್ಕೆ ನೀರು ಬಿಡಲು ಆಗುವುದಿಲ್ಲ. ಅದಕ್ಕೇ ಪ್ಲಾಸ್ಟಿಕ್ ಮಳೆ ಮಾಪಕ ತಂದಿದ್ದೇನೆ.

ತೊಂದರೆ ಜಾಗದ್ದು. ಮಾಳಿಗೆ ಮೇಲೆ ಗಾಳಿ ಜೋರು, ಹನಿ ಓರೆಯಾಗಿ ಹಾರಿಹೋಗಿ ಅಳತೆ ಕಡಿಮೆ ಬರುತ್ತದೆ. ಮರ ಎಷ್ಟು ಎತ್ತರವೋ ಅದರ ಎರಡು ಪಟ್ಟು ದೂರ ಇಡಬೇಕು ಅಂತಾರೆ. ನಮ್ಮ ಅಂಗಳದ ಬೇವು 20 ಅಡಿ. ಅಲ್ಲಿಂದ 40 ಅಡಿ ಅಳೆದರೆ ಸೀದಾ ಎಮ್ಮೆ ಕಟ್ಟುವ ಗೂಟಕ್ಕೆ ಹೋಗುತ್ತದೆ! ಎಮ್ಮೆ ಸುಮ್ನೆ ಬಿಡುತ್ತದಾ?

ತೋಟದ ಬಯಲಲ್ಲಿ ಕಂಬಕ್ಕೆ ಕಟ್ಟಿದವರು ಯಾರಾದರೂ ಇದ್ದೀರಾ? ಬಾಯಿ ನೆಲದಿಂದ ಒಂದು ಅಡಿ ಇದ್ದರೆ ನಮ್ಮ ಎರೆ ಮಣ್ಣಿನ ಕೆಸರು ಒಳಗೆ ಸಿಡಿಯುವುದಿಲ್ಲವೇ?

ಇನ್ನೊಂದು. ಪಕ್ಕದವರು 20 ಸೆಂ.ಮೀ. ಅಗಲದ ಆಲಿಕೆಯನ್ನು ಕ್ಯಾನಿಗೆ ಸಿಕ್ಕಿಸಿದ್ದಾರೆ. ಆ ಬಾಯಿಗೆ 10 ಮಿ.ಮೀ. ಮಳೆ ಅಂದರೆ 314 ಮಿ.ಲೀ. ನೀರು ಅಂತ ಲೆಕ್ಕ ಹಾಕಿದೆ, ಸರಿನಾ? ಹವಾಮಾನ ಇಲಾಖೆಯಂತೆ ಬೆಳಗ್ಗೆ 8:30ಕ್ಕೆ ನೋಡುತ್ತೇನೆ. ಆದರೆ ಹಿಂದಿನ ದಿನ ಬೆಳಗ್ಗೆ ಉದುರಿದ ತುಂತುರು ಬಿಸಿಲಿಗೆ ಆರಿರುತ್ತದೆ. ಇದಕ್ಕೆ ಏನು ಮಾಡುತ್ತೀರಿ? ನಿಮ್ಮ ಮಾಪಕದ ಫೋಟೋ ಹಾಕಿದರೆ ಇನ್ನೂ ಒಳ್ಳೆಯದು.