ಮೊದಲ ಪೂರ್ಣ ಮ್ಯಾರಥಾನ್: ನೀರಿನ ಲೆಕ್ಕ, ಜೊತೆಗಾರರ ನೆರವು

ಪ್ರಶ್ನೆ: ದಾವಣಗೆರೆಯಿಂದ, ಬ್ಯಾಂಕ್ ಉದ್ಯೋಗಿ

ನನಗೆ 41 ವರ್ಷ. ಅರ್ಧ ಮ್ಯಾರಥಾನ್ ದೂರವನ್ನು ಎರಡೂವರೆ ಗಂಟೆಯೊಳಗೆ ತೊಂದರೆಯಿಲ್ಲದೆ ಓಡುತ್ತೇನೆ. ಬರುವ ಜನವರಿಯಲ್ಲಿ ಮುಂಬೈ ಮ್ಯಾರಥಾನ್‌ನ ಪೂರ್ಣ ದೂರವಾದ 42.195 ಕಿ.ಮೀ. ಓಡಲು ಹೆಸರು ನೋಂದಾಯಿಸಿದ್ದೇನೆ. ಆದರೆ ಅಭ್ಯಾಸದಲ್ಲಿ 25 ಕಿ.ಮೀ. ದಾಟುತ್ತಿದ್ದಂತೆ ಮೀನಖಂಡ ಹಿಡಿದುಕೊಳ್ಳುತ್ತದೆ ಮತ್ತು ಮನೆಗೆ ಬಂದ ಮೇಲೆ ಸಂಜೆಯವರೆಗೂ ತಲೆನೋವು ಇರುತ್ತದೆ. ನೀರು ಸಾಲದು ಎಂದು ಕೆಲವರು, ಉಪ್ಪು ಸಾಲದು ಎಂದು ಕೆಲವರು ಹೇಳುತ್ತಾರೆ. ಇಲ್ಲಿ ನಾನು ಒಬ್ಬಳೇ ಓಡುತ್ತೇನೆ. ನೀರನ್ನು ಹೇಗೆ ಯೋಜಿಸಬೇಕು? ಓಟಕ್ಕೆ ಗುಂಪು ನಿಜವಾಗಿಯೂ ಬೇಕೆ? ಅನುಭವಿಗಳು ದಯವಿಟ್ಟು ತಿಳಿಸಿ.

ಮೈಸೂರಿನಿಂದ, ನಿವೃತ್ತ ದೈಹಿಕ ಶಿಕ್ಷಕ

ಸಹೋದರಿಯವರೆ, ಎಷ್ಟು ಕುಡಿಯಬೇಕು ಎಂಬುದಕ್ಕೆ ಬೇರೆಯವರು ಕೊಡುವ ಉತ್ತರಕ್ಕಿಂತ ನಿಮ್ಮ ಮನೆಯ ತೂಕದ ಯಂತ್ರ ಕೊಡುವ ಉತ್ತರವೇ ಹೆಚ್ಚು ನಂಬಿಕೆಗೆ ಅರ್ಹ. ಓಟಕ್ಕೆ ಹೊರಡುವ ಮುನ್ನ ಮೂತ್ರವಿಸರ್ಜನೆ ಮುಗಿಸಿ, ಆದಷ್ಟು ಕಡಿಮೆ ಬಟ್ಟೆಯಲ್ಲಿ ತೂಕ ನೋಡಿಕೊಳ್ಳಿ. ಮ್ಯಾರಥಾನ್‌ನಲ್ಲಿ ಓಡಬೇಕೆಂದಿರುವ ವೇಗದಲ್ಲೇ ಒಂದು ಗಂಟೆ ಓಡಿ, ನಡುವೆ ಕುಡಿದ ನೀರೆಷ್ಟು ಎಂಬುದನ್ನು ಗುರುತು ಹಾಕಿಕೊಳ್ಳಿ. ಮರಳಿದೊಡನೆ ಬೆವರು ಒರೆಸಿ, ಒದ್ದೆ ಬಟ್ಟೆ ತೆಗೆದು, ಮತ್ತೆ ತೂಕ ನೋಡಿ. ಇಳಿದ ತೂಕಕ್ಕೆ ಕುಡಿದ ನೀರನ್ನು ಕೂಡಿಸಿದರೆ ಆ ಒಂದು ಗಂಟೆಯ ಬೆವರಿನ ಪ್ರಮಾಣ ಸಿಗುತ್ತದೆ, ಏಕೆಂದರೆ ಅಷ್ಟು ಹೊತ್ತಿನಲ್ಲಿ ಒಂದು ಕಿಲೋ ಇಳಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹೋಯಿತೆಂದೇ ಅರ್ಥ.

ಈ ಪ್ರಮಾಣ ಗಂಟೆಗೆ ಅರ್ಧ ಲೀಟರಿನಿಂದ ಎರಡು ಲೀಟರಿನವರೆಗೂ ವ್ಯತ್ಯಾಸವಾಗುತ್ತದೆ. ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ಒಂದೇ ವೇಗದಲ್ಲಿ ಅಕ್ಕಪಕ್ಕ ಓಡುವ ಇಬ್ಬರಲ್ಲಿ ಒಬ್ಬರ ಅಂಗಿ ತೊಯ್ದು ತೊಟ್ಟಿಕ್ಕುತ್ತಿದ್ದರೆ ಇನ್ನೊಬ್ಬರ ಬೆನ್ನು ಮಾತ್ರ ಒದ್ದೆಯಾಗಿರುವುದನ್ನು ನಾನು ದಿನವೂ ಕಾಣುತ್ತೇನೆ. ಅವರಿಬ್ಬರಿಗೂ ಒಂದೇ ಅಳತೆಯ ನೀರನ್ನು ಸೂಚಿಸುವವರ ಮಾತನ್ನು ನಾನು ಒಪ್ಪುವುದಿಲ್ಲ. ಒಬ್ಬರದೇ ಪ್ರಮಾಣ ಕೂಡ ಋತುವಿನೊಡನೆ ಬದಲಾಗುವುದರಿಂದ ಅಕ್ಟೋಬರಿನ ಬಿಸಿಲಿನಲ್ಲೊಮ್ಮೆ, ಡಿಸೆಂಬರಿನ ಚಳಿಯಲ್ಲೊಮ್ಮೆ ಅಳೆಯುವುದು ಒಳ್ಳೆಯದು.

ಹೋದ ಬೆವರನ್ನೆಲ್ಲ ಓಡುತ್ತಿರುವಾಗಲೇ ತುಂಬಿಕೊಳ್ಳುವ ಅಗತ್ಯವಿಲ್ಲ. ಹೊಟ್ಟೆಯೂ ಅದಕ್ಕೆ ಒಪ್ಪುವುದಿಲ್ಲ. ಓಟದ ಕೊನೆಯಲ್ಲಿ ದೇಹದ ತೂಕ ಶೇಕಡಾ 2ರಿಂದ 3ರಷ್ಟು ಇಳಿದಿದ್ದರೆ ಚಿಂತೆ ಬೇಡ. ಅದಕ್ಕಿಂತ ಬಹಳ ಹೆಚ್ಚು ಇಳಿದಿದ್ದರೆ ಕುಡಿದದ್ದು ಕಡಿಮೆಯಾಗಿದೆ. ತೂಕ ಏರಿದ್ದರೆ ಅದು ಇನ್ನೂ ಕೆಟ್ಟ ಸೂಚನೆ.

ಉಪ್ಪಿನ ವಿಷಯಕ್ಕೆ ಬಂದರೆ, ಓಟ ಒಂದೂವರೆ ಗಂಟೆ ಮೀರುವ ದಿನಗಳಲ್ಲಿ ಬರಿಯ ನೀರಿನ ಬದಲು ಒಂದು ಲೀಟರಿಗೆ ಕಾಲು ಟೀ ಚಮಚ ಉಪ್ಪು, 50ರಿಂದ 60 ಗ್ರಾಂ ಸಕ್ಕರೆ ಮತ್ತು ಒಂದು ನಿಂಬೆಹಣ್ಣಿನ ರಸ ಬೆರೆಸಿದ ಪಾನಕವನ್ನು ಒಯ್ಯಬಹುದು. ಇದರಲ್ಲಿ ಸುಮಾರು 500ರಿಂದ 600 ಮಿಲಿಗ್ರಾಂ ಸೋಡಿಯಂ ಇರುತ್ತದೆ. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳವಾಗಿದ್ದರೂ ಬೆವರಿನಲ್ಲಿ ಮುಖ್ಯವಾಗಿ ಹೋಗುವ ಸೋಡಿಯಂ ಕಡಿಮೆ. ಆದುದರಿಂದ ಅದನ್ನು ಓಟ ಮುಗಿದ ಮೇಲೆ, ಚಿಟಿಕೆ ಉಪ್ಪಿನೊಡನೆ ಕುಡಿಯುವುದು ಉತ್ತಮ.

ಹುಬ್ಬಳ್ಳಿಯಿಂದ, ವೈದ್ಯ ಮತ್ತು ಓಟಗಾರ

ಮೇಡಂ, ಮೇಲಿನವರು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿದ ತೂಕ ಏರುವ ವಿಷಯವನ್ನು ನಾನು ಸ್ವಲ್ಪ ವಿವರಿಸಬಯಸುತ್ತೇನೆ, ಏಕೆಂದರೆ ಹೊಸ ಮ್ಯಾರಥಾನ್ ಓಟಗಾರರಿಗೆ ನೀರಿನ ಕೊರತೆಯಷ್ಟೇ ನೀರಿನ ಅತಿರೇಕವೂ ಅಪಾಯಕಾರಿ, ಮತ್ತು ಈ ಎರಡನೆಯದರ ಬಗ್ಗೆ ಎಚ್ಚರಿಸುವವರು ಕಡಿಮೆ.

ಬೆವರಿನಲ್ಲಿ ನೀರೂ ಉಪ್ಪೂ ಹೋಗುತ್ತಿರುವಾಗ ಬರಿಯ ನೀರನ್ನು ಅಳತೆ ಮೀರಿ ಕುಡಿದರೆ ರಕ್ತದ ಸೋಡಿಯಂ ತೆಳುವಾಗುತ್ತದೆ. ಸಾಮಾನ್ಯವಾಗಿ ಇದು ಲೀಟರಿಗೆ 135ರಿಂದ 145 ಮಿಲಿಮೋಲ್ ಇರಬೇಕು. ಬಹಳ ಕೆಳಗಿಳಿದರೆ ಮೆದುಳಿನ ಜೀವಕೋಶಗಳು ಊದಿಕೊಳ್ಳುತ್ತವೆ. ಈ ಸ್ಥಿತಿಗೆ ಹೈಪೋನಟ್ರೀಮಿಯಾ ಎನ್ನುತ್ತಾರೆ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ಓಟ ಮುಗಿಸಿದ 488 ಜನರ ರಕ್ತವನ್ನು ಪರೀಕ್ಷಿಸಿದಾಗ ಶೇಕಡಾ 13ರಷ್ಟು ಮಂದಿಯಲ್ಲಿ ಸೋಡಿಯಂ ಕಡಿಮೆಯಿತ್ತು, ಮೂವರಲ್ಲಿ ಪ್ರಾಣಾಪಾಯದ ಮಟ್ಟಕ್ಕೆ ಇಳಿದಿತ್ತು. 2005ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಈ ಸ್ಥಿತಿಯೊಡನೆ ಅತಿ ಗಟ್ಟಿಯಾದ ಸಂಬಂಧ ಕಂಡುಬಂದದ್ದು ಓಟದ ವೇಳೆ ತೂಕ ಏರಿದ್ದಕ್ಕೆ. ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಓಡಿದವರಲ್ಲಿಯೂ ಅದು ಹೆಚ್ಚಾಗಿತ್ತು. ಕಾರಣ ಊಹಿಸಬಹುದು: ನಿಧಾನವಾಗಿ ಓಡುವವರಿಗೆ ಗಂಟೆಗೆ ಬರುವ ಬೆವರು ಕಡಿಮೆ, ಕುಡಿಯಲು ಸಿಗುವ ಸಮಯ ಹೆಚ್ಚು.

ಬೆರಳಿನ ಉಂಗುರ ಬಿಗಿಯಾಗುವುದು, ವಾಕರಿಕೆ, ಏರುತ್ತಲೇ ಹೋಗುವ ತಲೆನೋವು, ಮಾತಿನಲ್ಲಿ ಗೊಂದಲ ಇವು ಇದರ ಲಕ್ಷಣಗಳು. ಅಂಥವರಿಗೆ ಬಳಲಿಕೆ ಎಂದು ತಿಳಿದು ಮತ್ತಷ್ಟು ನೀರು ಕುಡಿಸಬಾರದು. ಕೂಡಲೇ ವೈದ್ಯಕೀಯ ಶಿಬಿರಕ್ಕೆ ಕರೆದೊಯ್ಯಬೇಕು. ನೋವು ನಿವಾರಕ ಐಬುಪ್ರೊಫೇನ್ ಮಾತ್ರೆ ನುಂಗಿ ಓಡುವ ಅಭ್ಯಾಸವೂ ಮೂತ್ರಪಿಂಡಕ್ಕೆ ಹೊರೆ. ಅದನ್ನು ಬಿಡಬೇಕು.

ನಿಮ್ಮ ತಲೆನೋವು ನೀರಿನ ಕೊರತೆಯದೋ ಅತಿರೇಕದ್ದೋ ಎಂಬುದನ್ನು ತೂಕ ನೋಡದೆ ಊಹಿಸುವಂತಿಲ್ಲ. ಮೊದಲು ಅಳೆಯಿರಿ. ತೂಕ ಸರಿಯಾಗಿದ್ದೂ ತಲೆನೋವು ಮುಂದುವರಿದರೆ ನಿಮ್ಮ ವೈದ್ಯರನ್ನು ಕಾಣಿರಿ, ರಕ್ತದೊತ್ತಡವನ್ನೂ ಪರೀಕ್ಷಿಸಿಕೊಳ್ಳಿ. ಮೀನಖಂಡದ ಸೆಳೆತಕ್ಕೆ ಉಪ್ಪನ್ನೊಂದೇ ಹೊಣೆ ಮಾಡುವುದು ಸರಿಯಲ್ಲ. ಸ್ನಾಯು ಅಭ್ಯಾಸಕ್ಕಿಂತ ಹೆಚ್ಚು ದೂರ ಅಥವಾ ಹೆಚ್ಚು ವೇಗದಲ್ಲಿ ದಣಿದಾಗಲೂ ಹೀಗಾಗುತ್ತದೆ. 25 ಕಿ.ಮೀ. ನಿಮ್ಮ ಕಾಲಿನ ಈಗಿನ ಮಿತಿಯಾಗಿರಬಹುದು. ಮೊದಲ 10 ಕಿ.ಮೀ.ಗಳನ್ನು ನಿಧಾನವಾಗಿ ಓಡಿ ನೋಡಿ.

ಬೆಂಗಳೂರಿನಿಂದ, ಗೃಹಿಣಿ

ನೀರಿನ ಬಗ್ಗೆ ಸಲಹೆ ನೀಡುವ ಗಂಡಸರು ಶೌಚಾಲಯದ ವಿಷಯವನ್ನು ಎತ್ತುವುದೇ ಇಲ್ಲ. ನಸುಕಿನ ಐದು ಗಂಟೆಗೆ ಮೂರು ತಾಸಿನ ಓಟಕ್ಕೆ ಹೊರಡುವ ಹೆಂಗಸು ಹಿಂದಿನ ರಾತ್ರಿಯಿಂದಲೇ ನೀರು ಕಡಿಮೆ ಮಾಡುವುದು ಆಕೆಗೆ ತಿಳಿವಳಿಕೆ ಸಾಲದೆ ಅಲ್ಲ. ದಾರಿಯಲ್ಲಿ ಹೋಗಲು ಜಾಗವಿಲ್ಲವೆಂದು. ನೀವು ಒಬ್ಬರೇ ಓಡುವುದಾಗಿ ಬರೆದಿದ್ದೀರಿ. ನೀವೂ ಹೀಗೆಯೇ ಮಾಡುತ್ತಿದ್ದೀರೇನೋ ಎಂಬ ಅನುಮಾನ ನನಗಿದೆ.

ನಮ್ಮ ಬಡಾವಣೆಯ ಹೆಂಗಸರ ಗುಂಪು ಮೊದಲು ಬಗೆಹರಿಸಿಕೊಂಡ ವಿಷಯವೇ ಇದು. ಯಾವ ಪೆಟ್ರೋಲ್ ಬಂಕಿನ ಶೌಚಾಲಯ ಬೆಳಗಿನ ಜಾವ ತೆರೆದಿರುತ್ತದೆ, ಕಬ್ಬನ್ ಪಾರ್ಕಿನಲ್ಲಿ ಯಾವ ಕಡೆ ಹೋಗಬೇಕು, ದಾರಿಯಲ್ಲಿ ಯಾರ ಮನೆಯಿದೆ ಎಂಬುದನ್ನೆಲ್ಲ ಬರೆದಿಟ್ಟುಕೊಂಡೆವು. ಈಗ ದೀರ್ಘ ಓಟದ ದಾರಿಯನ್ನು ಸದಸ್ಯೆಯರ ಮನೆಗಳನ್ನು ಮುಟ್ಟಿ ಸಾಗುವಂತೆಯೇ ಹಾಕಿಕೊಳ್ಳುತ್ತೇವೆ. ಆ ಮನೆಯಲ್ಲಿ ಬಚ್ಚಲುಮನೆಯೂ ಸಿಗುತ್ತದೆ, ತುಂಬಿದ ಬಾಟಲಿಯೂ ಸಿಗುತ್ತದೆ. ಅತ್ತೆಯವರು ಎದ್ದಿದ್ದರೆ ಕೆಲವೊಮ್ಮೆ ಕಾಫಿಯೂ ಸಿಗುವುದುಂಟು, ಮತ್ತು ಅದರಿಂದ ವೇಗ ಕೆಡುವುದೂ ಉಂಟು.

ಗುಂಪು ಎಂದರೆ ಒಂದೇ ಬಣ್ಣದ ಟೀ ಶರ್ಟು, ಶುಲ್ಕ, ತರಬೇತುದಾರ ಇವೆಲ್ಲ ಇರಲೇಬೇಕೆಂದಿಲ್ಲ. ನಿಮ್ಮ ಊರಿನ ಕುಂದವಾಡ ಕೆರೆಯ ದಾರಿಯಲ್ಲಿ ಬೆಳಿಗ್ಗೆ ನಡೆಯಲು ಬರುವ ಹೆಂಗಸರಲ್ಲಿ ಇಬ್ಬರ ಪರಿಚಯ ಮಾಡಿಕೊಂಡರೂ ಸಾಕು. ಅವರು ನಡೆಯುತ್ತಿರಲಿ, ನೀವು ಸುತ್ತು ಹಾಕುತ್ತಿರಿ. ಪ್ರತಿ ಸುತ್ತಿನಲ್ಲೂ ಎದುರಾಗುವ ಮುಖವೊಂದಿದ್ದರೆ ಕತ್ತಲಿನ ಭಯವೂ ಕಡಿಮೆಯಾಗುತ್ತದೆ.

ಮಂಗಳೂರಿನಿಂದ, ಕಾಲೇಜು ಉಪನ್ಯಾಸಕ

ಅಕ್ಕ, ನೀವು ಬಯಲುಸೀಮೆಯ ಒಣ ಹವೆಯಲ್ಲಿ ಅಭ್ಯಾಸ ಮಾಡಿ ಕಡಲ ತೀರದ ಊರಿನಲ್ಲಿ ಓಡಲಿದ್ದೀರಿ ಎಂಬುದನ್ನು ಗಮನದಲ್ಲಿಡಬೇಕು. ದಾವಣಗೆರೆಯಲ್ಲಿ ಬೆವರು ಚರ್ಮದ ಮೇಲೆ ಆರುತ್ತಿದ್ದಂತೆ ಮೈಯ ಶಾಖವನ್ನೂ ಒಯ್ಯುತ್ತದೆ. ನಮ್ಮಲ್ಲಿ ಮತ್ತು ಮುಂಬೈಯಲ್ಲಿ ಗಾಳಿಯೇ ತೇವದಿಂದ ತುಂಬಿರುವುದರಿಂದ ಬೆವರು ಆರದೆ ಸುಮ್ಮನೆ ಇಳಿದುಹೋಗುತ್ತದೆ, ಶಾಖ ಒಳಗೇ ಉಳಿಯುತ್ತದೆ. ಅಂಥಲ್ಲಿ ಹೆಚ್ಚು ಕುಡಿದ ಮಾತ್ರಕ್ಕೆ ಮೈ ತಣಿಯುವುದಿಲ್ಲ, ವೇಗವನ್ನೇ ಇಳಿಸಬೇಕಾಗುತ್ತದೆ. ಸೆಕೆಗೆ ದೇಹ ಹೊಂದಿಕೊಳ್ಳಲು 10ರಿಂದ 14 ದಿನ ಬೇಕು. ಎರಡು ದಿನ ಮುಂಚೆ ಹೋಗಿ ಇಳಿದುಕೊಂಡರೆ ಅಷ್ಟರಲ್ಲಿ ಹೊಂದಿಕೆಯಾಗದು.

ನಮ್ಮ ಗುಂಪಿನಲ್ಲಿ ನೀರಿಗೆ ಒಂದು ಸರದಿಯ ಪದ್ಧತಿಯಿದೆ. ಭಾನುವಾರದ ದೀರ್ಘ ಓಟಕ್ಕೆ ಆ ವಾರ ಓಡದಿರುವ ಒಬ್ಬರು ಸ್ಕೂಟರಿನಲ್ಲಿ ನೀರಿನ ಕ್ಯಾನು, ಪಾನಕ, ಬಾಳೆಹಣ್ಣು, ಹುರಿದ ನೆಲಗಡಲೆ ಹೇರಿಕೊಂಡು ಸುರತ್ಕಲ್ ಕಡೆಯ ದಾರಿಯಲ್ಲಿ ನಾಲ್ಕೈದು ಕಿ.ಮೀ.ಗೊಮ್ಮೆ ನಿಲ್ಲುತ್ತಾರೆ. ಗಾಯಗೊಂಡು ವಿಶ್ರಾಂತಿಯಲ್ಲಿರುವವರೇ ಸಾಮಾನ್ಯವಾಗಿ ಈ ಕೆಲಸಕ್ಕೆ ಮುಂದೆ ಬರುತ್ತಾರೆ, ಏಕೆಂದರೆ ಓಡಲಾಗದಿದ್ದರೂ ಭಾನುವಾರ ಮನೆಯಲ್ಲಿ ಕುಳಿತಿರುವುದು ಅವರಿಂದ ಆಗುವುದಿಲ್ಲ. ಬಾಟಲಿಗಳ ಮೇಲೆ ಅವರವರ ಗುರುತು ಇರುವುದರಿಂದ ಯಾರು ಎಷ್ಟು ಕುಡಿದರು ಎಂಬುದು ಓಟದ ಕೊನೆಗೆ ಕಣ್ಣೆದುರೇ ಇರುತ್ತದೆ. ಇದರಿಂದಲೇ ನಮ್ಮಲ್ಲಿ ಹಲವರಿಗೆ ತಮ್ಮ ಅಳತೆ ತಿಳಿಯಿತು. ಜೊತೆಗಾರ ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿದರೆ ಅಥವಾ ಕೇಳಿದ್ದಕ್ಕೆ ತೊದಲಿ ಉತ್ತರಿಸಿದರೆ ಆತನನ್ನು ಅಲ್ಲಿಯೇ ನಿಲ್ಲಿಸಿ ನೆರಳಿನಲ್ಲಿ ಕೂರಿಸುವ ನಿಯಮವೂ ಇದೆ. ಒಂಟಿಯಾಗಿ ಓಡುವವರಿಗೆ ತಮ್ಮ ಮಾತು ತೊದಲುತ್ತಿದೆ ಎಂದು ತಿಳಿಸುವವರು ಇರುವುದಿಲ್ಲ.

ಶಿವಮೊಗ್ಗದಿಂದ, ಕೃಷಿಕ

ಗುಂಪಿನ ಬಗ್ಗೆ ಇಷ್ಟೆಲ್ಲ ಒಳ್ಳೆಯ ಮಾತುಗಳು ಬಂದಿರುವಾಗ ಒಂದು ಭಿನ್ನ ಅಭಿಪ್ರಾಯವನ್ನೂ ದಾಖಲಿಸುತ್ತೇನೆ. ನಾನು ಕಂಡ ಗುಂಪುಗಳಲ್ಲಿ ಭಾನುವಾರದ ನಿಧಾನ ಓಟ ಬಹಳ ಬೇಗ ಪೈಪೋಟಿಯಾಗುತ್ತದೆ. ನಿಮ್ಮ ಸೆಳೆತಕ್ಕೆ ವೇಗ ಕಾರಣವಾಗಿದ್ದರೆ ವೇಗದವರ ಸಹವಾಸ ಅದನ್ನು ಹೆಚ್ಚಿಸುತ್ತದೆ. ವಾರದ ದಿನಗಳ ಓಟಗಳನ್ನು ಒಬ್ಬರೇ ಓಡಿ, ದೀರ್ಘ ಓಟಕ್ಕೆ ಮಾತ್ರ ನಿಮಗಿಂತ ತುಸು ನಿಧಾನ ಓಡುವವರನ್ನು ಹುಡುಕಿಕೊಳ್ಳಿ. ಒಂದು ಗಂಟೆಯೊಳಗಿನ ಓಟಕ್ಕೆ ಬಾಟಲಿ, ಪಾನಕ, ಲೆಕ್ಕ ಯಾವುದೂ ಬೇಡ. ಬಾಯಾರಿಕೆಯಾದರೆ ಮನೆಗೆ ಬಂದು ಕುಡಿದರಾಯಿತು.

ದಾವಣಗೆರೆಯಿಂದ, ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಬೆಂಗಳೂರಿನವರ ಅನುಮಾನ ನಿಜ. ದೀರ್ಘ ಓಟದ ಹಿಂದಿನ ಸಂಜೆಯಿಂದ ನಾನು ನೀರನ್ನು ಕಡಿಮೆ ಮಾಡುತ್ತಿದ್ದೆ. ಈಗ ಕೆರೆಯ ದಾರಿಯಲ್ಲಿ ಪರಿಚಯವಾದ ಇಬ್ಬರು ಶಿಕ್ಷಕಿಯರು ಜೊತೆಗಿದ್ದಾರೆ. ಅವರಲ್ಲೊಬ್ಬರ ಮನೆ ಹತ್ತಿರದಲ್ಲೇ ಇದೆ. ಮೈಸೂರಿನವರು ಹೇಳಿದಂತೆ ಅಳೆದು ನೋಡಿದೆ. ಹೊರಡುವಾಗ 64.2 ಕಿಲೋ, ಮರಳಿದಾಗ 63.5 ಕಿಲೋ, ನಡುವೆ ಕುಡಿದದ್ದು 200 ಮಿ.ಲೀ. ಪೂರ್ಣ ಓಟಕ್ಕೆ ಸುಮಾರು ಐದು ಗಂಟೆ ಬೇಕಾಗಬಹುದು. ಇದರಿಂದ ಯೋಜನೆ ಹಾಕುವುದು ಹೇಗೆ? ಮೆಡಿಕಲ್ ಅಂಗಡಿಯ ಓಆರ್‌ಎಸ್ ಬಳಸಬಹುದೆ?

ಮೈಸೂರಿನಿಂದ, ನಿವೃತ್ತ ದೈಹಿಕ ಶಿಕ್ಷಕ

ಇಳಿದದ್ದು 700 ಗ್ರಾಂ, ಕುಡಿದದ್ದು 200 ಮಿ.ಲೀ.; ಅಂದರೆ ನಿಮ್ಮ ಬೆವರು ಗಂಟೆಗೆ ಸುಮಾರು 900 ಮಿ.ಲೀ. ಐದು ಗಂಟೆಗೆ ನಾಲ್ಕೂವರೆ ಲೀಟರ್ ಆಗುತ್ತದೆ. ಗಂಟೆಗೆ 500ರಿಂದ 600 ಮಿ.ಲೀ. ಕುಡಿದರೆ ಎರಡೂವರೆಯಿಂದ ಮೂರು ಲೀಟರ್ ಒಳಗೆ ಹೋಗಿ, ಕೊನೆಗೆ ಒಂದೂವರೆಯಿಂದ ಎರಡು ಲೀಟರ್ ಕೊರತೆ ಉಳಿಯುತ್ತದೆ. ನಿಮ್ಮ ತೂಕಕ್ಕೆ ಅದು ಶೇಕಡಾ 2.3ರಿಂದ 3.1. ಈ ಅಳತೆಯನ್ನು ಒಂದೇ ಸಲಕ್ಕೆ ಗಟಗಟನೆ ಕುಡಿಯದೆ 15 ನಿಮಿಷಕ್ಕೊಮ್ಮೆ ಎಂಟು ಹತ್ತು ಗುಟುಕುಗಳಂತೆ ಹಂಚಿಕೊಳ್ಳಿ. ಆ ದಿನ ತಂಪಾಗಿದ್ದು ಬಾಯಾರಿಕೆಯೇ ಇಲ್ಲವಾದರೆ ಲೆಕ್ಕದ ಹಟ ಬಿಟ್ಟು ಬಾಯಾರಿಕೆಯ ಮಾತನ್ನು ಕೇಳಿ.

ಓಆರ್‌ಎಸ್ ಭೇದಿಯ ಚಿಕಿತ್ಸೆಗೆಂದು ರೂಪಿಸಿದ್ದು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಒಂದು ಲೀಟರಿನಲ್ಲಿ 75 ಮಿಲಿಮೋಲ್ ಸೋಡಿಯಂ ಇದ್ದು, 13.5 ಗ್ರಾಂ ಗ್ಲೂಕೋಸ್ ಮಾತ್ರ ಇರುತ್ತದೆ. ಉಪ್ಪಿಗೆ ಅದು ಸಾಕು, ಶಕ್ತಿಗೆ ಸಾಲದು. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೊಹೈಡ್ರೇಟ್ ಬೇಕಾಗುವುದರಿಂದ ಖರ್ಜೂರ, ಬಾಳೆಹಣ್ಣು ಅಥವಾ ಓಟಗಾರರು ಶಕ್ತಿಗೆಂದು ನುಂಗುವ ಸಿಹಿ ಜೆಲ್ ಜೊತೆಗಿರಲಿ. ಒಂದು ಲೀಟರಿನ ಪೊಟ್ಟಣವನ್ನು ಒಂದು ಲೀಟರಿನಲ್ಲೇ ಕರಗಿಸಬೇಕು. ಅರ್ಧ ಲೀಟರಿನ ಬಾಟಲಿಗೆ ಸುರಿದುಕೊಂಡರೆ ಹೊಟ್ಟೆ ಕೆಡುತ್ತದೆ. ಪೊಟ್ಟಣದ ಮೇಲೆ ಆ ಸೂತ್ರದ ಉಲ್ಲೇಖವಿದೆಯೇ ಎಂದು ಓದಿ ನೋಡಿಯೇ ಕೊಳ್ಳಿ.

ಮುಂಬೈ ಮಾಟುಂಗದಿಂದ, ಖಾಸಗಿ ಕಂಪನಿಯ ಉದ್ಯೋಗಿ

ಈ ಓಟದ ದಾರಿ ನನಗೆ ಪರಿಚಿತವಾದುದರಿಂದ ಎರಡು ಮಾತು ಸೇರಿಸುತ್ತೇನೆ. ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ ಬಳಿ ನಸುಕಿನಲ್ಲಿ ಓಟ ಆರಂಭವಾಗುವಾಗ ಹವೆ ಹಿತವಾಗಿರುತ್ತದೆ, ಬಾಂದ್ರಾ–ವರ್ಲಿ ಸೀ ಲಿಂಕ್ ಮೇಲೆ ಗಾಳಿಯೂ ಬೀಸುತ್ತದೆ. ಆಗ ಬಾಯಾರಿಕೆ ತಿಳಿಯದೆ ಹಲವರು ನೀರಿನ ಮೇಜುಗಳನ್ನು ದಾಟಿಕೊಂಡು ಹೋಗುತ್ತಾರೆ. ಐದು ಗಂಟೆಯ ಓಟಗಾರರಿಗೆ ಕೊನೆಯ ಭಾಗ ಬಿಸಿಲಿನಲ್ಲಿ ಬರುತ್ತದೆ, ಪೆಡ್ಡರ್ ರಸ್ತೆಯ ಏರು ಬರುವುದು 35 ಕಿ.ಮೀ. ಆದ ಮೇಲೆ. ಅಲ್ಲಿಗೆ ತಲುಪಿದ ಮೇಲೆ ಹಿಂದಿನ ಬಾಕಿಯನ್ನೆಲ್ಲ ಒಮ್ಮೆಗೇ ಕುಡಿದು ತೀರಿಸಲು ಹೋದರೆ ಏರಿನ ನಡುವೆಯೇ ಹೊಟ್ಟೆ ತೊಳಸುತ್ತದೆ.

ನೀರಿನ ಮೊದಲನೆಯ ಮೇಜಿನಲ್ಲಿ ನೂಕುನುಗ್ಗಲಿರುವುದರಿಂದ ಸಾಲಿನ ಕೊನೆಯ ಮೇಜಿನಲ್ಲಿ ತೆಗೆದುಕೊಳ್ಳಿ, ಮತ್ತು ಓಡುತ್ತಾ ಮೈಮೇಲೆ ಚೆಲ್ಲಿಕೊಳ್ಳುವ ಬದಲು ಇಪ್ಪತ್ತು ಹೆಜ್ಜೆ ನಡೆದು ಕುಡಿಯಿರಿ. ದಾರಿಯಲ್ಲಿ ಯಾವ ಪಾನೀಯ ಕೊಡುತ್ತಾರೆಂದು ಮೊದಲೇ ತಿಳಿದುಕೊಂಡು ಡಿಸೆಂಬರಿನ ದೀರ್ಘ ಓಟಗಳಲ್ಲಿ ಅದನ್ನೇ ಕುಡಿದು ನೋಡಿ. ಹೊಟ್ಟೆಗೆ ಒಗ್ಗದಿದ್ದರೆ ನಿಮ್ಮ ಪಾನಕದ ಪುಡಿಯನ್ನು ಸೊಂಟದ ಚೀಲದಲ್ಲಿ ತನ್ನಿ. ಪೆಡ್ಡರ್ ರಸ್ತೆಯ ನಿವಾಸಿಗಳು ಕಿತ್ತಳೆ ಹೋಳು, ಬಿಸ್ಕತ್ತು ಹಿಡಿದು ನಿಂತಿರುತ್ತಾರೆ. ಕಿತ್ತಳೆಯನ್ನು ಧೈರ್ಯವಾಗಿ ತೆಗೆದುಕೊಳ್ಳಬಹುದು; ಒಣ ಬಿಸ್ಕತ್ತು ಆ ಹೊತ್ತಿಗೆ ಗಂಟಲಲ್ಲಿ ಇಳಿಯುವುದಿಲ್ಲ.